ಸೈತಾನ ಹೀರೋನೋ, ವಿಲನ್ನೋ?

"ಸರ, ಒಂದ್ ಮಾತು ಹೇಳ್ರಿ. ಸೈತಾನ ಹೀರೋನೋ, ವಿಲನ್ನೋ?"

ಮುಧೋಳದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ನನಗೆ ಪ್ರತಿ ವರ್ಷ ಈ ಪ್ರಶ್ನೆ ಎದುರಾಗುತ್ತದೆ. ಮಿಲ್ಟನ್ ಕವಿಯ 'ಪ್ಯಾರಡೈಸ್ ಲಾಸ್ಟ್' ಕಾವ್ಯದ ಮೊದಲ ಭಾಗ ಮುಗಿಯುವಷ್ಟರಲ್ಲಿ ಹುಡುಗರೆಲ್ಲ ಸೈತಾನನ ಕಡೆ ಆಗಿರುತ್ತಾರೆ. ಓದಿಕೊಂಡ ಗೆಳೆಯರು ಇದನ್ನೇ ಬೇರೆ ರೀತಿ ಕೇಳುತ್ತಾರೆ. ದೇವರ ವಿರುದ್ಧ ದಂಗೆ ಎದ್ದ ಖಳನೊಬ್ಬ ಕ್ರಾಂತಿಯ ಗುರುತು ಹೇಗಾದ? ಅವನನ್ನು ಹಾಗೆ ಮೆಚ್ಚುವುದು ಸರಿಯಾ?

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ವರ್ಗದಲ್ಲಿ ದೇವರು ತನ್ನ ಮಗನನ್ನು ಎಲ್ಲರ ಒಡೆಯ ಎಂದು ಸಾರುತ್ತಾನೆ. ಎಲ್ಲರೂ ಮಂಡಿಯೂರಬೇಕು. ಸೈತಾನ ಒಪ್ಪುವುದಿಲ್ಲ. ದೇವದೂತರಲ್ಲಿ ಮೂರನೇ ಒಂದು ಪಾಲು ಅವನ ಹಿಂದೆ ಹೋಗುತ್ತಾರೆ. ಯುದ್ಧ ಆಗುತ್ತದೆ, ಸೋಲುತ್ತಾರೆ, ನರಕಕ್ಕೆ ಬೀಳುತ್ತಾರೆ. ಅಲ್ಲಿ ಬೆಂಕಿಯ ಕೆರೆಯಲ್ಲಿ ಬಿದ್ದುಕೊಂಡೇ ಸೈತಾನ ಹೇಳುತ್ತಾನೆ: ರಣರಂಗ ಕೈಬಿಟ್ಟರೆ ಏನಾಯಿತು, ಎಲ್ಲವೂ ಹೋಗಿಲ್ಲ, ಮಣಿಯದ ಮನಸ್ಸು ಇನ್ನೂ ನಮ್ಮದೇ. ಆ ಸಾಲು ಓದುವಾಗ ನನ್ನ ಧ್ವನಿಯೂ ಏರುತ್ತದೆ. ಇಷ್ಟು ವರ್ಷ ಆದರೂ.

ಈ ಮಾತಿಗೆ ಆ ಕಾವು ಎಲ್ಲಿಂದ ಬಂತು ಎಂದರೆ ಮಿಲ್ಟನ್ ಬದುಕನ್ನು ನೋಡಬೇಕು. 1649ರ ಜನವರಿಯಲ್ಲಿ ಇಂಗ್ಲೆಂಡಿನವರು ತಮ್ಮ ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದರು. ಅದಾದ ಕೆಲವೇ ದಿನಗಳಲ್ಲಿ ಮಿಲ್ಟನ್ ಒಂದು ಪುಸ್ತಕ ತಂದ. ದಬ್ಬಾಳಿಕೆ ಮಾಡುವ ರಾಜನನ್ನು ಇಳಿಸುವ, ಶಿಕ್ಷಿಸುವ ಹಕ್ಕು ಜನರಿಗಿದೆ ಎಂದು ಅದರಲ್ಲಿ ವಾದಿಸಿದ. ರಾಜನಿಲ್ಲದ ಆ ಹೊಸ ಸರ್ಕಾರದಲ್ಲಿ ವಿದೇಶಿ ಪತ್ರವ್ಯವಹಾರದ ಕಾರ್ಯದರ್ಶಿಯೂ ಆದ. 1652ರ ಹೊತ್ತಿಗೆ ಕಣ್ಣು ಪೂರ್ತಿ ಹೋದವು. 1660ರಲ್ಲಿ ರಾಜನ ಮಗ ಮತ್ತೆ ಗದ್ದುಗೆ ಏರಿದ. ಮಿಲ್ಟನ್ ಪುಸ್ತಕಗಳನ್ನು ಸುಟ್ಟರು, ಅವನನ್ನು ಕೆಲವು ಕಾಲ ಸೆರೆಯಲ್ಲಿಟ್ಟರು. ಜೀವಮಾನವಿಡೀ ನಂಬಿದ ಕ್ರಾಂತಿ ಕಣ್ಣೆದುರೇ ಮಣ್ಣಾಗಿತ್ತು, ಆ ಕಣ್ಣೂ ಇರಲಿಲ್ಲ. ಬೇರೆಯವರ ಕೈಯಲ್ಲಿ ಬರೆಸಿ ಮುಗಿಸಿದ ಕಾವ್ಯ 1667ರಲ್ಲಿ ಅಚ್ಚಾಯಿತು. ಸೋತವನ ಸಂಕಟ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದನ್ನು ಅವನು ಸೈತಾನನ ಬಾಯಿಗೆ ಕೊಟ್ಟ.

ನೂರು ವರ್ಷದ ಮೇಲೆ ಫ್ರಾನ್ಸಿನಲ್ಲಿ ಕ್ರಾಂತಿ ಆಯಿತು. ಆಗ ಓದುಗರು ಸೈತಾನನನ್ನು ಹೊಸ ಕಣ್ಣಿನಿಂದ ನೋಡಿದರು. ಮಿಲ್ಟನ್ ತನಗೇ ತಿಳಿಯದಂತೆ ಸೈತಾನನ ಪಕ್ಷದವನು ಎಂದು ಕವಿ ಬ್ಲೇಕ್ ಬರೆದ. 1793ರಲ್ಲಿ ಇಂಗ್ಲೆಂಡಿನ ಚಿಂತಕ ವಿಲಿಯಂ ಗಾಡ್ವಿನ್ ಇನ್ನೂ ನೇರವಾಗಿ ಹೇಳಿದ: ಒಬ್ಬನಿಗೆ ಅಷ್ಟು ಎತ್ತರದ ಸ್ಥಾನ, ಉಳಿದವರಿಗೆ ಇಷ್ಟು ಕೆಳಗಿನದು ಯಾಕೆ, ಇದಕ್ಕೆ ಸಾಕಷ್ಟು ಕಾರಣ ಕಾಣದ್ದರಿಂದಲೇ ಸೈತಾನ ದಂಗೆ ಎದ್ದ. ಕವಿ ಶೆಲ್ಲಿಯೂ ಮೆಚ್ಚಿದ. ಆಮೇಲೆ ಸರ್ಕಾರವೇ ಬೇಡ ಎಂದ ರಷ್ಯಾದ ಕ್ರಾಂತಿಕಾರಿ ಬಕುನಿನ್ ಸೈತಾನನನ್ನು ಎಂದೆಂದಿಗೂ ಬಂಡಾಯಗಾರ ಎಂದು ಕರೆದ. ಗುರುತು ಆದದ್ದು ಹೀಗೆ.

ನಮ್ಮ ಊರಿನವರಿಗೆ ಇದು ಹೊಸದಲ್ಲ, ಅಲ್ವಾ? ರನ್ನ ನಮ್ಮ ಮುಧೋಳದವನು, ಬಳೆಗಾರರ ಮನೆಯ ಮಗ. ಅವನ ಗದಾಯುದ್ಧಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ. ಭೀಮನನ್ನು ಹೊಗಳಬೇಕು, ಭೀಮನ ನೆಪದಲ್ಲಿ ಚಾಲುಕ್ಯ ರಾಜ ಸತ್ಯಾಶ್ರಯನನ್ನು ಹೊಗಳಬೇಕು, ಅದಕ್ಕೇ ಬರೆದದ್ದು. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಮಗ ಲಕ್ಷಣಕುಮಾರ, ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು ಅವನ ಶೌರ್ಯಕ್ಕೆ ಕೈ ಮುಗಿಯುತ್ತಾನೆ. ಸಂಧಿ ಮಾಡಿಕೊ ಎಂದರೆ "ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ" ಎನ್ನುತ್ತಾನೆ. ನಾನು ಹೋರಾಡುವುದು ನೆಲಕ್ಕೆ ಎಂದುಕೊಂಡಿರೇನು, ಛಲಕ್ಕೆ.

ಮಿಲ್ಟನ್‌ಗೂ ರನ್ನನಿಗೂ ನಡುವೆ ಆರು ನೂರಕ್ಕೂ ಜಾಸ್ತಿ ವರ್ಷ. ಆದರೂ ಇಬ್ಬರ ಕೈಯಲ್ಲೂ ಖಳ ಕವಿಯ ಲೆಕ್ಕ ಮೀರಿ ಬೆಳೆದ. ಹಾಗಂತ ದುರ್ಯೋಧನ ಕ್ರಾಂತಿಯ ಗುರುತು ಎಂದರೆ ನಾನು ಒಪ್ಪುವುದಿಲ್ಲ. ಅವನು ಮೊದಲೇ ರಾಜ. ಅವನ ಛಲ ಅವನದು, ಅವನ ದುಃಖ ಅವನದು. ಅವನು ಗೆದ್ದಿದ್ದರೆ ಒಕ್ಕಲಿಗನ ಬದುಕಿನಲ್ಲಿ ಏನೂ ಬದಲಾಗುತ್ತಿರಲಿಲ್ಲ. ನಾನು ಅವನಿಗಾಗಿ ಅಳುತ್ತೇನೆ, ಅವನ ಹಿಂದೆ ಹೋಗುವುದಿಲ್ಲ.

ಸೈತಾನನ ವಿಷಯದಲ್ಲೂ ಇದೇ ಮಾತು ನೋಡಬೇಕು. ಗದ್ದುಗೆಯ ಮುಂದೆ ಬಾಗೆನು ಎಂದವನು ನರಕಕ್ಕೆ ಬಂದು ಮಾಡಿದ್ದೇನು? ಎರಡನೇ ಭಾಗ ಶುರುವಾಗುವಾಗ ಅವನು ರತ್ನ ಬಂಗಾರಗಳಿಂದ ಹೊಳೆಯುವ ಎತ್ತರದ ಸಿಂಹಾಸನದ ಮೇಲೆ ಕೂತಿದ್ದಾನೆ. ಮುಂದೆ ಸಭೆ. ಕೆಲವರು ಮಾತಾಡುತ್ತಾರೆ, ಆದರೆ ಕೊನೆಗೆ ಗೆಲ್ಲುವ ಯೋಜನೆ ಅವನೇ ಮೊದಲು ಹೂಡಿದ್ದು. ಅದನ್ನು ತನ್ನ ಬಂಟ ಬೀಲ್ಜೆಬಬ್‌ನ ಬಾಯಲ್ಲಿ ಹೇಳಿಸುತ್ತಾನೆ. ಅದಕ್ಕೆ ಬೇರೆ ಯಾರಾದರೂ ಮತ್ತೆ ಬಾಯಿ ತೆರೆಯುವ ಮೊದಲೇ ಸಭೆ ಬರಖಾಸ್ತು. ಪಂಚಾಯಿತಿ ಸಭೆ ಕಂಡ ನಮ್ಮ ಹುಡುಗರಿಗೆ ಈ ಜಾಗ ತಕ್ಷಣ ಅರ್ಥ ಆಗುತ್ತದೆ, ವಿವರಿಸಬೇಕಿಲ್ಲ. ದೇವರು ಮನುಷ್ಯನನ್ನು ಮನುಷ್ಯನ ಮೇಲೆ ಒಡೆಯನನ್ನಾಗಿ ಮಾಡಲಿಲ್ಲ ಎಂದು ಇದೇ ಕಾವ್ಯದ ಕೊನೆಯ ಭಾಗದಲ್ಲಿ ಆದಮ್ ಹೇಳುತ್ತಾನೆ. ಅದು ಮಿಲ್ಟನ್‌ನ ಸ್ವಂತ ನಂಬಿಕೆ. ಆ ಅಳತೆಗೆ ಸೈತಾನ ನಿಲ್ಲುವುದಿಲ್ಲ.

ಹಾಗಾದರೆ ಬಂಡಾಯಗಾರ ಯಾರು? ಐದನೇ ಭಾಗದಲ್ಲಿ ಅಬ್ದಿಯೆಲ್ ಎಂಬ ದೇವದೂತ ಬರುತ್ತಾನೆ. ಹೆಚ್ಚಿನವರು ಅವನನ್ನು ಗಮನಿಸುವುದೇ ಇಲ್ಲ. ಸೈತಾನ ತನ್ನವರನ್ನೆಲ್ಲ ಒಂದು ಕಡೆ ಸೇರಿಸಿ ಭಾಷಣ ಮಾಡುತ್ತಾನೆ, ಎಲ್ಲರೂ ತಲೆದೂಗುತ್ತಾರೆ. ಇವನೊಬ್ಬ ಎದ್ದು ನಿಂತು "ತಪ್ಪು" ಎನ್ನುತ್ತಾನೆ. ಸುತ್ತ ಅಷ್ಟು ಸಾವಿರ ಜನ ಹೀಯಾಳಿಸಿದರೂ ಅವರ ನಡುವೆಯೇ ನಡೆದು ಹೊರಗೆ ಬರುತ್ತಾನೆ. ಅವನು ನಿಂತದ್ದು ದೇವರ ಪರ, ನಿಜ. ಆದರೂ ತನ್ನ ನಾಯಕನಿಗೆ, ತನ್ನ ಗುಂಪಿಗೆ "ಇಲ್ಲ" ಎನ್ನುವುದು ದೂರದ ರಾಜನಿಗೆ "ಇಲ್ಲ" ಎನ್ನುವುದಕ್ಕಿಂತ ಕಷ್ಟ. 1660ರ ನಂತರ ಲಂಡನ್ನಿನಲ್ಲಿ ಒಂಟಿಯಾಗಿ ಕೂತ ಕುರುಡ ಮಿಲ್ಟನ್ ನನಗೆ ಈ ಸಾಲುಗಳಲ್ಲೇ ಜಾಸ್ತಿ ಕಾಣುತ್ತಾನೆ.

ಹುಡುಗರಿಗೆ ಒಂದು ಉದಾಹರಣೆ ಕೊಡುತ್ತೇನೆ, ದೂರದ್ದಲ್ಲ. ಹಲಗಲಿ ನಮ್ಮ ತಾಲೂಕಿನ ಊರು. 1857ರಲ್ಲಿ ಕಂಪನಿ ಸರ್ಕಾರ ಎಲ್ಲರೂ ಹತಾರ ಒಪ್ಪಿಸಬೇಕು ಎಂದಿತು. ಬೇಟೆ ಆಡಿ ಬದುಕುವ ಬೇಡರಿಗೆ ಹತಾರ ಎಂದರೆ ಅನ್ನ, ಮಾನ ಎರಡೂ. ಕೊಡುವುದಿಲ್ಲ ಎಂದರು. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೆ ಹಾಕಿದರು. ಸರ್ಕಾರದ ಕಾಗದದಲ್ಲಿ ಅವರು ದಂಗೆಕೋರರು, ಲಾವಣಿಯಲ್ಲಿ ವೀರರು. ಅವರಲ್ಲಿ ಯಾರೂ ಸಿಂಹಾಸನ ಕೇಳಲಿಲ್ಲ. ಆ ಲಾವಣಿಯನ್ನು ಬರೆದಿಟ್ಟು ಅಚ್ಚು ಹಾಕಿಸಿದವನು ಬ್ರಿಟಿಷ್ ಸರ್ಕಾರದ ಅಧಿಕಾರಿ ಫ್ಲೀಟ್ ಎಂದರೆ ಹುಡುಗರು ನಂಬುವುದಿಲ್ಲ. ನಿಜವಾಗಿಯೂ ಅವನೇ.

ಇದು ನನ್ನ ಉತ್ತರ. ಸೈತಾನ "ಬಾಗೆನು" ಎಂದ ಆ ಗಳಿಗೆ ಕ್ರಾಂತಿಯದೇ, ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳಲಾರರು. ಸಿಂಹಾಸನ ಏರಿದ ಮೇಲೆ ಅವನು ಇನ್ನೊಬ್ಬ ರಾಜ. ಮುಂದಿನ ವರ್ಷ ಪಾಠ ಐದನೇ ಭಾಗದಿಂದ ಶುರು ಮಾಡುತ್ತೇನೆ. ಅಬ್ದಿಯೆಲ್ ಹೀರೋನಾ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ.