ಒಂದು ಗೆರೆಯ ಟಿವಿ

ನಾನು ದಾವಣಗೆರೆಯಲ್ಲಿ ಚಿತ್ರಕಲೆ ಓದುವಾಗ ನಮ್ಮ ಕಾಲೇಜಿನಲ್ಲಿ ಇದ್ದದ್ದು ಒಂದೇ ಟಿವಿ. ಕಲಾ ಇತಿಹಾಸದ ಮೇಷ್ಟ್ರು ಯಾರ‍್ಯಾರನ್ನೋ ಕೇಳಿ ಕ್ಯಾಸೆಟ್ ತರಿಸಿ ತೋರಿಸುತ್ತಿದ್ದರು. ಒಂದು ಮಳೆಗಾಲದ ಮಧ್ಯಾಹ್ನ, ತರಗತಿ ನಡೆದಿರುವಾಗಲೇ ಚಿತ್ರವೆಲ್ಲ ಮಡಚಿಕೊಂಡು ಪರದೆಯ ನಡುವೆ ಒಂದೇ ಒಂದು ಬಿಳಿ ಗೆರೆಯಾಗಿ ನಿಂತಿತು. ಧ್ವನಿ ಮಾತ್ರ ಬರುತ್ತಲೇ ಇತ್ತು. ನಾವು ಎದ್ದು ಹೊರಡುವವರಿದ್ದೆವು.

"ಯಾರೂ ಆಫ್ ಮಾಡಬೇಡ್ರಪ್ಪಾ" ಅಂದರು ಮೇಷ್ಟ್ರು. ಇಬ್ಬರನ್ನು ಕರೆದು ಟಿವಿಯನ್ನು ಎತ್ತಿಸಿ ಪಕ್ಕಕ್ಕೆ ಮಲಗಿಸಿದರು. ಅಡ್ಡಗೆರೆ ಉದ್ದಕ್ಕೆ ನಿಂತಿತು. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಅದು ದೀಪದ ಕುಡಿಯಂತೆ ಕಂಡಿತು. ಆಮೇಲೆ ನಿಧಾನವಾಗಿ ವಿಡಿಯೋ ಕಲಾವಿದ ನಾಮ್ ಜೂನ್ ಪೈಕ್ ಕಥೆ ಹೇಳಿದರು.

ಪೈಕ್ ಹುಟ್ಟಿದ್ದು 1932ರಲ್ಲಿ, ಸಿಯೋಲ್‌ನಲ್ಲಿ. ಕೊರಿಯಾ ಯುದ್ಧ ಬಂದಾಗ ಕುಟುಂಬ ಊರು ಬಿಟ್ಟಿತು. ಜಪಾನಿನಲ್ಲಿ ಓದಿ, ಸಂಗೀತ ಕಲಿಯಲು ಜರ್ಮನಿಗೆ ಹೋದವರು. 1963ರ ಮಾರ್ಚ್‌ನಲ್ಲಿ ವುಪ್ಪರ್‌ಟಾಲ್ ಎಂಬ ಊರಿನ ಒಂದು ಗ್ಯಾಲರಿಯಲ್ಲಿ ಹಳೆಯ ಟಿವಿಗಳನ್ನು ಬಿಚ್ಚಿ, ಬದಲಾಯಿಸಿ, ಪ್ರದರ್ಶನಕ್ಕಿಟ್ಟರು. ಸಾಗಿಸುವಾಗ ಒಂದು ಟಿವಿ ಕೆಟ್ಟು ಒಂದೇ ಗೆರೆ ತೋರಿಸತೊಡಗಿತು. ಪೈಕ್ ಅದನ್ನು ಎಸೆಯಲಿಲ್ಲ, ಪಕ್ಕಕ್ಕೆ ತಿರುಗಿಸಿ ಇಟ್ಟರು. ಅದೇ 'ಝೆನ್ ಫಾರ್ ಟಿವಿ' ಎಂಬ ಕೃತಿಯಾಯಿತು. ಅಷ್ಟು ದೂರದ ಊರಿನ, ಅಷ್ಟು ಹಿಂದಿನ ಒಂದು ಕೆಲಸ ನನ್ನ ಕಣ್ಣೆದುರೇ ಮತ್ತೆ ನಡೆದಿತ್ತು. ಕುಂಚ ಹಿಡಿದು ಬಂದ ನಾನು ವಿಡಿಯೋ ಕಡೆಗೆ ತಿರುಗಿದ್ದು ಆ ಮಧ್ಯಾಹ್ನವೇ.

ಮರುದಿನ ರಿಪೇರಿ ಚಾಚಾ ಬಂದರು. ನೋಡುತ್ತಲೇ, "ವರ್ಟಿಕಲ್ ಹೋಗೈತಿ. ಮೊದ್ಲು ಬ್ರೈಟ್‌ನೆಸ್ ಇಳಿಸ್ರಿ, ಇಲ್ಲಾಂದ್ರೆ ಆ ಗೆರೆ ಪಿಕ್ಚರ್ ಟ್ಯೂಬ್ ಸುಡ್ತೈತಿ" ಅಂದರು. ಚಿತ್ರವನ್ನು ಮೇಲಿಂದ ಕೆಳಕ್ಕೆ ಹರಡುವ ಭಾಗವೇ ವರ್ಟಿಕಲ್. ಪ್ಲಗ್ ಕಿತ್ತು ಹಿಂಬದಿಯ ಡಬ್ಬ ತೆಗೆದರು. ಸ್ಕ್ರೂಡ್ರೈವರಿಗೆ ಒಂದು ತಂತಿ ಸುತ್ತಿ, ತಂತಿಯ ಇನ್ನೊಂದು ತುದಿಯನ್ನು ಒಳಗಿನ ಲೋಹದ ಚೌಕಟ್ಟಿಗೆ, ಅಂದರೆ ಚಾಸಿಗೆ, ಸಿಕ್ಕಿಸಿ, ಟ್ಯೂಬಿನ ಮೇಲಿನ ರಬ್ಬರ್ ಟೋಪಿಯ ಕೆಳಗೆ ಮೊನೆ ತೂರಿಸಿದರು. ಚಟ್ ಎಂದು ಕಿಡಿ ಹಾರಿತು. ಪ್ಲಗ್ ಕಿತ್ತ ಮೇಲೂ ಟ್ಯೂಬಿನೊಳಗೆ ಕರೆಂಟು ಉಳಿದಿರುತ್ತದೆ ಎಂದು ನನಗೆ ಕಲಿಸಿದ್ದು ಆ ಕಿಡಿ. ಮುಂದೆ ಎಷ್ಟೋ ವರ್ಷ ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನಾನು ಅವರ ಅಂಗಡಿಯಲ್ಲಿ ಕೂರುತ್ತಿದ್ದೆ.

ಪೈಕ್‌ಗೂ ಇಂಥ ಜೊತೆಗಾರರಿದ್ದರು. ಜಪಾನಿನ ಎಂಜಿನಿಯರ್ ಶುಯಾ ಅಬೆ ಜೊತೆ ಸೇರಿ ರೋಬೋ ಮಾಡಿದರು, 1970ರ ಹೊತ್ತಿಗೆ ಚಿತ್ರಕ್ಕೆ ಬೇಕಾದ ಬಣ್ಣ, ಆಕಾರ ಕೊಡುವ ವಿಡಿಯೋ ಸಿಂಥಸೈಜರ್ ಕಟ್ಟಿದರು. 1984ರ ಹೊಸ ವರ್ಷದ ದಿನ ಉಪಗ್ರಹದ ಮೂಲಕ ನ್ಯೂಯಾರ್ಕ್ ಮತ್ತು ಪ್ಯಾರಿಸ್‌ಗಳನ್ನು ಒಂದೇ ಕಾರ್ಯಕ್ರಮದಲ್ಲಿ ಜೋಡಿಸಿದರು. ಆದರೆ ನಾನು ಅವರನ್ನು ಹೆಚ್ಚು ಗೌರವಿಸುವುದು ಬೇರೆ ಕಾರಣಕ್ಕೆ. ಹೆಸರು ಬಂದ ಮೇಲೆ ಅವರು ತಮ್ಮದಷ್ಟನ್ನೇ ನೋಡಿಕೊಳ್ಳಲಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನಕ್ಕೆ ಬಿಯೆನ್ನಾಲೆ ಎನ್ನುತ್ತಾರೆ; 1993ರಲ್ಲಿ ಅಮೆರಿಕದ ವಿಟ್ನಿ ಬಿಯೆನ್ನಾಲೆ ಕೊರಿಯಾಕ್ಕೆ ಬರುವಂತೆ ಓಡಾಡಿದರು. 1995ರಲ್ಲಿ ಕೊರಿಯಾದ್ದೇ ಆದ ಗ್ವಾಂಗ್ಜು ಬಿಯೆನ್ನಾಲೆಯ ಮೊದಲ ವರ್ಷವೇ 'ಇನ್ಫೋಆರ್ಟ್' ಎಂಬ ಪ್ರದರ್ಶನ ರೂಪಿಸಿ, ಕಲೆ ಮತ್ತು ತಂತ್ರಜ್ಞಾನ ಎರಡನ್ನೂ ಬಲ್ಲ ಇತರರಿಗೆ ಜಾಗ ಮಾಡಿಕೊಟ್ಟರು. ನಾನು ನನ್ನ ವಿಡಿಯೋಗಳ ಜೊತೆಗೆ ಬೇರೆಯವರ ಪ್ರದರ್ಶನಗಳನ್ನು ಕ್ಯುರೇಟ್ ಮಾಡತೊಡಗಿದ್ದಕ್ಕೆ ಇದೇ ಧೈರ್ಯ.

ಕೆಲವು ವರ್ಷಗಳ ಹಿಂದೆ ಸಿಯೋಲ್ ಹತ್ತಿರದ ಗ್ವಾಚನ್‌ನಲ್ಲಿರುವ ಕೊರಿಯಾದ ರಾಷ್ಟ್ರೀಯ ಕಲಾ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅಲ್ಲಿರುವ 'ದ ಮೋರ್ ದ ಬೆಟರ್' ಪೈಕ್ ಅವರ 1988ರ ಕೃತಿ, ಪಗೋಡದ ಹಾಗೆ ಮೇಲೆದ್ದ ಟಿವಿಗಳ ಗೋಪುರ. ಎತ್ತರ ಸುಮಾರು 18.5 ಮೀಟರ್, ಟಿವಿಗಳು 1003. ಅಕ್ಟೋಬರ್ 3, ಅಂದರೆ ಹತ್ತನೇ ತಿಂಗಳ ಮೂರನೇ ದಿನ, ಕೊರಿಯಾದವರ ನಾಡಹಬ್ಬವಾದ್ದರಿಂದ ಆ ಲೆಕ್ಕ. 2018ರಲ್ಲಿ ಅಪಾಯವಿದೆಯೆಂದು ಆರಿಸಿಬಿಟ್ಟಿದ್ದರು. ದುರಸ್ತಿಯಾಗಿ 2022ರಲ್ಲಿ ಮತ್ತೆ ಬೆಳಗಿತು. ಚಿಕ್ಕ ಅಳತೆಯ ಟ್ಯೂಬುಗಳು ಸಿಗದೆ ಅವುಗಳ ಜಾಗಕ್ಕೆ ಎಲ್‌ಸಿಡಿ ಹಾಕಿದ್ದಾರೆ; ದೊಡ್ಡವನ್ನು ಆದಷ್ಟೂ ರಿಪೇರಿ ಮಾಡಿ, ಸೆಕೆಂಡ್ ಹ್ಯಾಂಡ್ ಹುಡುಕಿ ಉಳಿಸಿಕೊಂಡಿದ್ದಾರೆ. ಸುತ್ತಿಕೊಂಡು ಹೋಗುವ ಇಳಿಜಾರಿನಲ್ಲಿ ಹತ್ತುತ್ತಾ ನಾನು ನಿಂತು ನಿಂತು ನೋಡಿದೆ. ಟ್ಯೂಬಿನ ಬೆಳಕಿಗೆ ಒಂದು ಆಳವಿದೆ, ಉಬ್ಬಿದ ಗಾಜಿನ ಒಳಗಿನಿಂದ ಬರುವ ಬೆಳಕು ಅದು. ಎಲ್‌ಸಿಡಿಯಲ್ಲಿ ಆ ಆಳ ನನಗೆ ಕಾಣಲಿಲ್ಲ. ಹಾಗಂತ ಕತ್ತಲಲ್ಲಿ ಬಿಡುವುದಕ್ಕಿಂತ ಅವರು ಮಾಡಿದ್ದೇ ಸರಿ. ಆ ಗೋಪುರದ ಕೆಳಗೆ ನಿಂತಾಗ ನನಗೆ ನೆನಪಾದವರು ಚಾಚಾ.

ಮೇಷ್ಟ್ರು ಈಗಿಲ್ಲ, ಚಾಚಾನೂ ಇಲ್ಲ. ಕಾಲೇಜಿನ ಆ ಟಿವಿ ಮಾತ್ರ ಸ್ಟೋರ್ ರೂಮಿನಲ್ಲಿ ಹಳೆಯ ಈಸೆಲ್‌ಗಳ ಹಿಂದೆ ಇದೆಯೆಂದು ಕಿರಿಯ ಗೆಳೆಯರೊಬ್ಬರು ಹೇಳಿದರು. ಈ ಸಂಚಿಕೆ ಓದುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಅದನ್ನು ಗುಜರಿಗೆ ಹಾಕಬೇಡಿ, ನೀವಾಗಿ ಬಿಚ್ಚಲೂ ಹೋಗಬೇಡಿ. ದಸರಾ ರಜೆ ಮುಗಿದ ವಾರ ನಾನು ಬರುತ್ತೇನೆ. ಸ್ಕ್ರೂಡ್ರೈವರು, ತಂತಿ ನಾನೇ ತರುತ್ತೇನೆ.