ನಾಲ್ಕನೇ ಶನಿವಾರ, ಹನ್ನೊಂದು ಕಂಪ್ಯೂಟರ್

ಹಾರ್ಡ್ ಡಿಸ್ಕಿನ ಮೇಲೆ ಕುಂಕುಮ ಇನ್ನೂ ಅಂಟಿಕೊಂಡಿತ್ತು, ಆಯುಧಪೂಜೆಯದ್ದು. ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಲೆಕ್ಕವೆಲ್ಲ ದಿನಾ ಸಂಜೆ ಏಳೂವರೆಗೆ ಈ ಒಂದು ಟಿಬಿ ಡಿಸ್ಕಿಗೆ ನಕಲಾಗುತ್ತದೆ ಎಂದೇ ಅಲ್ಲಿ ಎಲ್ಲರೂ ತಿಳಿದಿದ್ದರು. ತೆರೆದು ನೋಡಿದರೆ ಕೊನೆಯ ಕಡತದ ತಾರೀಖು 2025ರ ಸೆಪ್ಟೆಂಬರ್ 30. ನೋಡಿದ ದಿನ 2026ರ ಜನವರಿ 24. ನಡುವೆ 116 ದಿನ, ಅಂದರೆ ಹೊಸ ಅಡಿಕೆಯ ಹಂಗಾಮಿನ ದೊಡ್ಡ ಭಾಗ.

ಮಂಡಿಯ ಹನ್ನೊಂದು ಕಂಪ್ಯೂಟರುಗಳನ್ನು ತಪಾಸಣೆ ಮಾಡಿ ಸರಿಪಡಿಸುವ ಈ ಕೆಲಸಕ್ಕೆ ನಾಲ್ಕನೇ ಶನಿವಾರವನ್ನೇ ಹಿಡಿಯುವುದಕ್ಕೆ ಲೆಕ್ಕವಿದೆ. ಬ್ಯಾಂಕಿಗೆ ರಜೆ, ಹಾಗಾಗಿ ಮಂಡಿಯಲ್ಲಿ ಪಾವತಿಯ ಗಡಿಬಿಡಿ ಕಡಿಮೆ. ಜಿಎಸ್‌ಟಿಯ 11 ಮತ್ತು 20ನೇ ತಾರೀಖಿನ ಗಡುವುಗಳು ಮುಗಿದಿರುತ್ತವೆ. ಮೈಕ್ರೋಸಾಫ್ಟ್ ತನ್ನ ತಿಂಗಳ ಅಪ್‌ಡೇಟನ್ನು ಎರಡನೇ ಮಂಗಳವಾರ ಬಿಡುತ್ತದೆ, ನಮ್ಮಲ್ಲಿಗೆ ಬರುವಾಗ ಅವತ್ತಿನ ರಾತ್ರಿ. ನಾಲ್ಕನೇ ಶನಿವಾರದ ಹೊತ್ತಿಗೆ ಅದಕ್ಕೆ ಕನಿಷ್ಠ 11 ದಿನ ಆಗಿರುತ್ತದೆ, ಯಾವ ಅಪ್‌ಡೇಟ್ ಪ್ರಿಂಟರ್ ಕೆಡಿಸುತ್ತದೆ ಎಂಬುದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿರುತ್ತದೆ. ಒಂದು ಮೆಷಿನ್ನಿಗೆ ಮಾತ್ರ ಅಪ್‌ಡೇಟ್ ಮೊದಲೇ ಹಾಕಿಟ್ಟು, ಬಿಲ್ ಪ್ರಿಂಟ್ ಆಗುತ್ತದೋ ನೋಡಿ, ಉಳಿದ ಹತ್ತಕ್ಕೆ ಶನಿವಾರ ಹಾಕುವುದು. ಈ ಸಲ ಭಾನುವಾರದ ಬೆನ್ನಿಗೇ ಗಣರಾಜ್ಯೋತ್ಸವ ಬಂದಿತ್ತು. ಏನಾದರೂ ಕೈಕೊಟ್ಟರೆ ಇನ್ನೂ ಎರಡು ದಿನ ಕೈಯಲ್ಲಿತ್ತು.

ಬ್ಯಾಕಪ್ ನಿಂತದ್ದು ಹೇಗೆ? ಪೂಜೆಗೆಂದು ಎಲ್ಲ ವೈರ್ ಬಿಚ್ಚಿ, ಧೂಳು ಒರೆಸಿ, ಮತ್ತೆ ಜೋಡಿಸಿದ್ದಾರೆ. ಮೊದಲು ಸಿಕ್ಕಿಸಿದ್ದು ಭಕ್ತಿಗೀತೆಯ ಪೆನ್ ಡ್ರೈವ್. ಖಾಲಿಯಿದ್ದ ‘ಇ’ ಅಕ್ಷರವನ್ನು ಅದು ಹಿಡಿದುಕೊಂಡಿತು. ಆಮೇಲೆ ಬಂದ ಡಿಸ್ಕಿಗೆ ವಿಂಡೋಸ್ ‘ಎಫ್’ ಕೊಟ್ಟು ಅದನ್ನೇ ನೆನಪಿಟ್ಟುಕೊಂಡಿತು. ಬ್ಯಾಕಪ್ಪಿನ ಆಜ್ಞೆಗಳ ಪಟ್ಟಿಯಾದ ಬ್ಯಾಚ್ ಫೈಲಿನಲ್ಲಿ ಬರೆದಿದ್ದದ್ದು ‘ಇ’. ದಿನಾ ಸಂಜೆ ಆ ಫೈಲ್ ಓಡುತ್ತಿತ್ತು, ಇಲ್ಲದ ಡ್ರೈವ್ ಹುಡುಕುತ್ತಿತ್ತು, ಸೋಲುತ್ತಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ‘ಬ್ಯಾಕಪ್ ಮುಗಿಯಿತು’ ಎಂದು ತೋರಿಸುವ ಆಜ್ಞೆ ಇತ್ತು. ಆ ಸಾಲು ಸರಿಯಾಗಿ ಓಡಿದ್ದರಿಂದ ಹೊತ್ತಿಗೆ ಸರಿಯಾಗಿ ಫೈಲ್ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಅಷ್ಟೂ ದಿನ ಸೊನ್ನೆ ತೋರಿಸಿತು. ಅದರ ಭಾಷೆಯಲ್ಲಿ ಸೊನ್ನೆ ಎಂದರೆ ಎಲ್ಲ ಕ್ಷೇಮ.

ಸರಿಪಡಿಸಲು ಮೂರು ಕೆಲಸ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಡಿಸ್ಕಿಗೆ ‘ಎಕ್ಸ್’ ಅಕ್ಷರ ಕೊಟ್ಟದ್ದು ಒಂದು. ಅಕ್ಷರಮಾಲೆಯ ಅಷ್ಟು ಕೊನೆಗೆ ಪೆನ್ ಡ್ರೈವ್ ಹೋಗುವುದಿಲ್ಲ. ನಕಲು ಮಾಡುವ ರೋಬೋಕಾಪಿ ಹಿಂತಿರುಗಿಸುವ ಅಂಕಿಯನ್ನು ಓದಿಸಿದ್ದು ಇನ್ನೊಂದು. 8ಕ್ಕಿಂತ ಕಡಿಮೆ ಬಂದರೆ ಸರಿ, 8 ಅಥವಾ ಮೇಲೆ ಬಂದರೆ ಪರದೆಯ ನಡುವೆ ಕೆಂಪು ಸಂದೇಶ, ಅದನ್ನು ಮುಚ್ಚದೆ ಬೇರೆ ಕೆಲಸ ಮಾಡುವಂತಿಲ್ಲ. ಮೂರನೆಯದು ‘ಎಂಐಆರ್’ ಆಯ್ಕೆಯನ್ನು ತೆಗೆದದ್ದು. ಅದು ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಅಳಿಸುತ್ತದೆ. ಮೂಲದ ಫೋಲ್ಡರನ್ನು ಯಾರೋ ತಪ್ಪಿ ಖಾಲಿ ಮಾಡಿದ ಸಂಜೆ ಬ್ಯಾಕಪ್ಪೂ ಅಷ್ಟೇ ನಿಷ್ಠೆಯಿಂದ ಖಾಲಿಯಾಗುತ್ತದೆ. ಬದಲಿಗೆ ವಾರದ ಏಳು ದಿನಕ್ಕೆ ಏಳು ಫೋಲ್ಡರ್, ತಿಂಗಳ ಕೊನೆಗೆ ಒಂದು ಬೇರೆ.

ಸೆಪ್ಟೆಂಬರಿನ ನಕಲಾದರೂ ಜೀವಂತವಿದೆಯೇ ಎಂದು ಬೇರೆ ಮೆಷಿನ್ನಿನಲ್ಲಿ ಹೊಸ ಫೋಲ್ಡರ್ ಮಾಡಿ ತೆರೆದದ್ದಾಯಿತು. ಪರೀಕ್ಷೆಗೆ ಚಾಲ್ತಿ ಡೇಟಾದ ಮೇಲೇ ಸುರಿಯುವವರಿದ್ದಾರೆ, ದಯವಿಟ್ಟು ಬೇಡ. ಲೆಕ್ಕದ ತಂತ್ರಾಂಶವಾದ ಟ್ಯಾಲಿಯಲ್ಲಿ ಅದು ತೆರೆಯಲಿಲ್ಲ. ರಿಪೇರಿ ಆಯ್ಕೆ ಕೊಟ್ಟ ಮೇಲೆ ತೆರೆಯಿತು, ಆದರೆ ಆ ದಿನದ ಸಂಜೆಯ ಕೆಲವು ವೋಚರ್ ಮಾಯ. ಕಾರಣ ಸರಳ: ಏಳೂವರೆಗೆ ನಕಲು ಶುರು, ಎಂಟರವರೆಗೂ ಒಬ್ಬರು ಬಿಲ್ ಹಾಕುತ್ತಲೇ ಇರುತ್ತಾರೆ. ತೆರೆದಿಟ್ಟ ಡೇಟಾವನ್ನು ನಕಲು ಮಾಡಿದರೆ ಅರ್ಧ ಹಳತು ಅರ್ಧ ಹೊಸತು ಸೇರಿಕೊಳ್ಳುತ್ತದೆ. ಸಮಯವನ್ನು ಒಂಬತ್ತೂವರೆಗೆ ಸರಿಸಿ, ಡೇಟಾ ಇರುವ ಮೆಷಿನ್ ನಿದ್ದೆಗೆ ಜಾರದಂತೆ ಮಾಡಿ, ಹೊಸದಾಗಿ ತೆಗೆದ 6.2 ಜಿಬಿ ನಕಲನ್ನು ಮತ್ತೆ ಪರೀಕ್ಷಿಸಿದಾಗ ಕೊನೆಯ ವೋಚರ್ ನಂಬರ್, ಟ್ರಯಲ್ ಬ್ಯಾಲೆನ್ಸ್, ಸ್ಟಾಕಿನ ಕ್ವಿಂಟಲ್ ಮೂರೂ ತಾಳೆಯಾದವು. ಈ ಮೂರು ಅಂಕಿ ಸಾಕು, ಐದು ನಿಮಿಷದ ಕೆಲಸ. ತಿಂಗಳಿಗೊಮ್ಮೆ ಇದನ್ನು ಮಾಡುವ ಆಫೀಸುಗಳನ್ನು ಬೆರಳಲ್ಲಿ ಎಣಿಸಬಹುದು.

ಡಿಸ್ಕು ಎರಡು ಬೇಕು. ಒಂದು ಮೆಷಿನ್ನಿನಲ್ಲಿ, ಒಂದು ಲಾಕರಿನಲ್ಲಿ, ಸೋಮವಾರಕ್ಕೊಮ್ಮೆ ಅದಲು ಬದಲು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದ ರಾತ್ರಿ, ಸದಾ ಸಿಕ್ಕಿಸಿಟ್ಟ ಡಿಸ್ಕಿಗೂ ಸೇರಿಸಿ ಬೀಗ ಹಾಕುತ್ತದೆ. ‘ಗೂಗಲ್ ಡ್ರೈವಿನಲ್ಲಿದೆಯಲ್ಲ’ ಎಂಬ ಸಮಾಧಾನಕ್ಕೂ ಅರ್ಧವೇ ಬೆಲೆ. ಸಿಂಕ್ ಎಂದರೆ ಕೆಟ್ಟದ್ದೂ ಅಲ್ಲಿಗೆ ಹೋಗುತ್ತದೆ, ಅಳಿಸಿದ್ದು ಅಲ್ಲಿ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಇರುತ್ತದೆ. ಅಂದ ಹಾಗೆ ಆ ಡ್ರೈವ್ ಮಂಡಿಯದ್ದಲ್ಲ, ಮಾಲೀಕರ ಮಗನ ಕಾಲೇಜು ದಿನಗಳ ಖಾತೆಯದ್ದು.

ಅವತ್ತು ಇಡೀ ದಿನ ಮತ್ತೆ ಮತ್ತೆ ಎದುರಾದದ್ದು ಇದೇ. ಮಂಡಿಯ ಬೀಗದ ಕೈಗಳು ಮಂಡಿಯಲ್ಲಿ ಇರಲಿಲ್ಲ, ಯಾರದೋ ಜೇಬಿನಲ್ಲಿದ್ದವು. ಸರಕು ಸಾಗಣೆಯ ಜಿಎಸ್‌ಟಿ ಚೀಟಿ ಕೊಡುವ ಇ-ವೇ ಬಿಲ್ ಪೋರ್ಟಲ್ಲಿಗೆ 2025ರ ಏಪ್ರಿಲ್ 1ರಿಂದ ಎಲ್ಲ ವ್ಯಾಪಾರಿಗಳಿಗೂ ಪಾಸ್‌ವರ್ಡ್ ಜೊತೆ ಓಟಿಪಿ ಕಡ್ಡಾಯ. ಇಲ್ಲಿ ಓಟಿಪಿ ಹೋಗುತ್ತಿದ್ದದ್ದು ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟು ಭದ್ರಾವತಿಗೆ ಹೋದ ಗುಮಾಸ್ತರ ಮೊಬೈಲಿಗೆ. ಲಾರಿ ಲೋಡಾಗಿ ನಿಂತಿರುತ್ತದೆ, ಇವರು ಫೋನ್ ಮಾಡುತ್ತಾರೆ, ಅವರು ಊಟ ಮುಗಿಸಿ ನಂಬರ್ ಹೇಳುತ್ತಾರೆ. ಒಳ್ಳೆಯ ಮನುಷ್ಯ, ನಡೆಯಿತು. ಆದರೆ ರದ್ದಾದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಅವರು ಸಿಮ್ ಬದಲಿಸಿದರೆ ಮಂಡಿಯ ಓಟಿಪಿ ಯಾರೋ ಅಪರಿಚಿತರ ಫೋನಿನಲ್ಲಿ ಟಿಂಗ್ ಎನ್ನುತ್ತದೆ.

ಮಾಡಿದ್ದು ಇಷ್ಟು: ಸಂಸ್ಥೆಯ ಹೆಸರಿನಲ್ಲಿ ಒಂದು ಸಿಮ್, ಒಂದು ಕೀಪ್ಯಾಡ್ ಫೋನ್, ಜಾಗ ಕ್ಯಾಶ್ ಕೌಂಟರಿನ ಡ್ರಾಯರ್. ರೀಚಾರ್ಜ್ ಮುಗಿಯುವ ತಾರೀಖು ಫೋನಿನ ಬೆನ್ನಿಗೇ ಅಂಟಿಸಿದೆ. ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕ್, ಮಂಡಿಯ ಜಿಮೇಲಿನ ರಿಕವರಿ ನಂಬರ್, ಎಲ್ಲ ಹಂತ ಹಂತವಾಗಿ ಅದಕ್ಕೆ ಬದಲಾಗಬೇಕು. ಬಿಲ್ ಹಾಕುವ ಇಬ್ಬರಿಗೆ ಇ-ವೇ ಪೋರ್ಟಲ್ಲಿನಲ್ಲೇ ಸಬ್‌ಯೂಸರ್ ಮಾಡಿಕೊಟ್ಟರೆ ಓಟಿಪಿ ಅವರವರ ಮೊಬೈಲಿಗೇ ಬರುತ್ತದೆ, ಕೆಲಸ ಬಿಟ್ಟ ದಿನ ಆ ಸಬ್‌ಯೂಸರನ್ನು ನಿಲ್ಲಿಸಿದರೆ ಆಯಿತು. ಮುಖ್ಯ ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ.

ರೂಟರ್ ತೆರೆದಾಗ ಇನ್ನೊಂದು ಜೇಬು ಸಿಕ್ಕಿತು. ಹಿಂದಿನ ಟೆಕ್ನಿಷಿಯನ್ ಒಬ್ಬರು, ಮಾಲೀಕರು ಮನೆಯಿಂದ ಟ್ಯಾಲಿ ನೋಡಲಿ ಎಂದು, ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು. ಸಣ್ಣ ಆಫೀಸುಗಳಿಗೆ ರಾನ್ಸಮ್‌ವೇರ್ ನುಗ್ಗುವ ಹೆಬ್ಬಾಗಿಲು ಇದೇ. ಈವೆಂಟ್ ವ್ಯೂವರಿನಲ್ಲಿ 4625 ಎಂದು ಹುಡುಕಿದರೆ ಸೋತ ಲಾಗಿನ್‌ಗಳ ಸಾಲು: ‘ಅಡ್ಮಿನ್’, ‘ಯೂಸರ್’, ‘ಟ್ಯಾಲಿ’, ಮತ್ತೆ ‘ಅಡ್ಮಿನ್’, ಸೆಕೆಂಡಿಗೆ ಒಂದರಂತೆ ರಾತ್ರಿಯಿಡೀ. ಬಾಗಿಲು ಇನ್ನೂ ಮುರಿದಿರಲಿಲ್ಲ ಎಂಬುದು ಪುಣ್ಯ, ಏಕೆಂದರೆ ಹನ್ನೊಂದರಲ್ಲಿ ಮೂರು ಮೆಷಿನ್ನಿನ ಪಾಸ್‌ವರ್ಡ್ ‘ರಾಶಿ123’, ‘ಬೆಟ್ಟೆ123’, ‘ಸರಕು123’. ಪೋರ್ಟ್ ನಂಬರನ್ನು 3390 ಮಾಡಿದರೆ ಸಾಕು ಎನ್ನುವ ಸಲಹೆ ಈಗಲೂ ಓಡಾಡುತ್ತಿದೆ. ತೆರೆದ ಪೋರ್ಟ್ ಹುಡುಕುವ ಕಳ್ಳರ ತಂತ್ರಾಂಶಕ್ಕೆ ಎಲ್ಲ ಪೋರ್ಟೂ ಒಂದೇ. ಫಾರ್ವರ್ಡಿಂಗ್ ಅಳಿಸಿ, ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಮನೆಯಿಂದ ನೋಡಲು ವಿಪಿಎನ್ ಎಂಬ ಖಾಸಗಿ ಸಂಪರ್ಕ ಹಾಕಿದ್ದಾಯಿತು.

ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಹಳೆಯ ನಿಯಮ ಬೇಡ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಅದನ್ನು ಕೈಬಿಟ್ಟಿತು. ಜನ ಮಾಡುವುದು 123 ಅನ್ನು 124 ಮಾಡುವುದಷ್ಟೆ. ಸಂಬಂಧವಿಲ್ಲದ ನಾಲ್ಕು ಕನ್ನಡ ಪದ, ಇಂಗ್ಲಿಷ್ ಅಕ್ಷರದಲ್ಲಿ, ಒಟ್ಟು 16 ಅಕ್ಷರಕ್ಕೆ ಕಮ್ಮಿ ಇಲ್ಲದಂತೆ. ಬದಲಿಸಬೇಕಾದದ್ದು ಯಾರಾದರೂ ಬಿಟ್ಟುಹೋದಾಗ, ಇಲ್ಲ ಸೋರಿದ ಅನುಮಾನ ಬಂದಾಗ. ಜೊತೆಗೆ ದಿನದ ಬಳಕೆಯ ಖಾತೆಗಳಿಂದ ಅಡ್ಮಿನಿಸ್ಟ್ರೇಟರ್ ಹಕ್ಕು ಕಿತ್ತದ್ದಾಯಿತು. ‘ಟ್ಯಾಲಿ ಓಡಲ್ಲ’ ಎಂಬ ತಕರಾರು ಬಂತು, ನಿರೀಕ್ಷಿಸಿದ್ದೇ. ಡೇಟಾವನ್ನು ಪ್ರೋಗ್ರಾಂ ಫೈಲ್ಸಿನಿಂದ ಡಿ ಡ್ರೈವಿಗೆ ಸರಿಸಿ, ಆ ಫೋಲ್ಡರಿಗೆ ಮಾತ್ರ ಬದಲಾವಣೆಯ ಅನುಮತಿ ಕೊಟ್ಟ ಮೇಲೆ ಓಡಿತು. ಒಂದು ಮೆಷಿನ್ನಿನಲ್ಲಿ ಆ್ಯಂಟಿವೈರಸ್ ಆಫ್ ಆಗಿತ್ತು. ಕನ್ನಡ ಟೈಪಿಂಗ್ ಎಂದು ಎಲ್ಲಿಂದಲೋ ಇಳಿಸಿದ ತಂತ್ರಾಂಶವೊಂದು ‘ಮೊದಲು ಆಫ್ ಮಾಡಿ’ ಎಂದು ಕೇಳಿದೆ, ಇವರು ಮಾಡಿದ್ದಾರೆ. ವಿಂಡೋಸಿನೊಳಗೇ ಕನ್ನಡ ಕೀಲಿಮಣೆ ಇರುವಾಗ!

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹನ್ನೊಂದರಲ್ಲಿ ಏಳು ಮೆಷಿನ್ ವಿಂಡೋಸ್ 11ಕ್ಕೆ ಹೋಗಬಲ್ಲವು. ನಾಲ್ಕರ ಪ್ರೊಸೆಸರ್ ಇಂಟೆಲಿನ ಎಂಟನೇ ತಲೆಮಾರಿಗಿಂತ ಹಳೆಯದು, ಅವು ಹೋಗುವುದಿಲ್ಲ. ವಿಂಡೋಸಿನ ರಿಜಿಸ್ಟ್ರಿ ತಿದ್ದುವ ಅಡ್ಡದಾರಿಯಿಂದ ಒತ್ತಾಯಕ್ಕೆ ಹಾಕಬಹುದು, ಆದರೆ ಮುಂದಿನ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯಿಲ್ಲದ್ದನ್ನು ಲೆಕ್ಕದ ಮೆಷಿನ್ನಿಗೆ ಹಾಕಬಾರದು. ಮೂರನ್ನು ಮಾರ್ಚಿನೊಳಗೆ ಬದಲಿಸುವ ತೀರ್ಮಾನವಾಯಿತು. ನಾಲ್ಕನೆಯದು ತೂಕದ ಕಾಟಾಕ್ಕೆ ಜೋಡಿಸಿದ್ದು. ಕಾಟಾದಿಂದ ಒಂಬತ್ತು ಪಿನ್ನಿನ ಸೀರಿಯಲ್ ವೈರ್ ಬರುತ್ತದೆ, ನಡುವೆ ಹಳೆಯ ಚಿಪ್ಪಿನ ಯುಎಸ್‌ಬಿ ಕನ್ವರ್ಟರ್. ವಿಂಡೋಸ್ 11ರ ಡ್ರೈವರ್ ಅಂಥ ಹಳೆಯ ಚಿಪ್ಪನ್ನು ಒಪ್ಪದೆ ಹಳದಿ ಗುರುತು ತೋರಿಸುವುದುಂಟು. ಆ ಮೆಷಿನ್ನನ್ನು ಇಂಟರ್ನೆಟ್ಟಿನಿಂದ ಪೂರ್ತಿ ಬಿಡಿಸಿ, ತೂಕಕ್ಕಷ್ಟೇ ಮೀಸಲಿಟ್ಟದ್ದು ವಿವೇಕ. ಅದರಲ್ಲಿ ಯೂಟ್ಯೂಬ್ ನೋಡುತ್ತಿದ್ದ ಹಮಾಲರ ಮೇಸ್ತ್ರಿಗೆ ಮಾತ್ರ ಬೇಸರವಾಯಿತು.

ಮಧ್ಯಾಹ್ನ ವಿದ್ಯುತ್ತಿನ ಸರದಿ. ಮಲೆನಾಡಿನ ಸೆರಗಿನ ಊರಲ್ಲಿ ಏಪ್ರಿಲ್–ಮೇ ಸಿಡಿಲಿಗೆ ಸುಡುವ ಲ್ಯಾನ್ ಪೋರ್ಟುಗಳ ಲೆಕ್ಕ ಇಟ್ಟವರಿಲ್ಲ. ಮಲ್ಟಿಮೀಟರನ್ನು ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಇಟ್ಟರೆ 11 ವೋಲ್ಟ್. 2–3 ದಾಟಬಾರದು. ಹಿತ್ತಲಿನ ಅರ್ಥಿಂಗ್ ಗುಂಡಿ ಹುರಿದ ಮಣ್ಣಿನಂತಿತ್ತು. ನಾಲ್ಕು ಕೊಡ ನೀರು ಹೊಯ್ದು ಅರ್ಧ ಗಂಟೆ ಕಾದರೆ 4ಕ್ಕಿಳಿಯಿತು. ಇದು ತಾತ್ಕಾಲಿಕ, ಎಲೆಕ್ಟ್ರಿಷಿಯನ್ ಬಂದು ಉಪ್ಪು, ಇದ್ದಿಲು, ಕ್ಲಾಂಪ್ ನೋಡಬೇಕು. ಯುಪಿಎಸ್‌ಗಳನ್ನು ಪರೀಕ್ಷಿಸುವುದು ಗೋಡೆಯ ಸ್ವಿಚ್ ಆರಿಸಿ, ಟ್ಯಾಲಿ ಮುಚ್ಚಿಟ್ಟು. ನಾಲ್ಕು ಒಂದು ನಿಮಿಷವೂ ನಿಲ್ಲಲಿಲ್ಲ. ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿ ಬಾಳುವುದು ಎರಡು–ಮೂರು ವರ್ಷ, ಹಾಕಿದ ತಾರೀಖನ್ನು ಅದರ ಮೇಲೇ ಮಾರ್ಕರಿನಲ್ಲಿ ಬರೆದರೆ ಈ ಪರದಾಟ ತಪ್ಪುತ್ತದೆ. ಒಂದರ ಸಾವಿಗೆ ಬೇರೆ ಕಾರಣವಿತ್ತು: ಲೇಸರ್ ಪ್ರಿಂಟರನ್ನು 600 ವಿಎ ಯುಪಿಎಸ್‌ಗೆ ಸಿಕ್ಕಿಸಿದ್ದರು. ಕಾಗದ ಬಿಸಿ ಮಾಡುವ ಹೊತ್ತಿಗೆ ಆ ಪ್ರಿಂಟರ್ ಕೇಳುವ ವಿದ್ಯುತ್ತು ಯುಪಿಎಸ್ಸಿನ ಶಕ್ತಿಯ ಎರಡು ಪಟ್ಟು. ಪ್ರಿಂಟರ್ ಗೋಡೆಯ ಪ್ಲಗ್ಗಿಗೆ.

ಇಷ್ಟಾದ ಮೇಲೆ ನಿಯಮದ ಹಾಳೆ. ಒಂದೇ ಪುಟ, ಕನ್ನಡದಲ್ಲಿ. ಇಂಗ್ಲಿಷಿನ 20 ಪುಟದ ಪಾಲಿಸಿಗೆ ಸಹಿ ಹಾಕಿಸಿಕೊಂಡರೆ ಫೈಲ್ ತುಂಬುತ್ತದೆ, ಅಷ್ಟೇ. ಇಲ್ಲಿ ಹೆಚ್ಚು ಚರ್ಚೆಯಾದ ಸಾಲು ಎರಡು. ಒಂದು, ಸರಬರಾಜುದಾರರ ಅಥವಾ ಬೆಳೆಗಾರರ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಸಂದೇಶ ಬಂದರೆ ರಿಜಿಸ್ಟರಿನಲ್ಲಿರುವ ಹಳೆಯ ನಂಬರಿಗೆ ಫೋನ್ ಮಾಡಿ ಕೇಳಿಯೇ ಹಣ ಹಾಕುವುದು, ಸಂದೇಶದಲ್ಲಿರುವ ನಂಬರಿಗಲ್ಲ. ಹಣ ಹೋಗಿಬಿಟ್ಟರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಮಾಲೀಕರಿಗೆ ಆಮೇಲೆ. ಇನ್ನೊಂದು ಬೆಳೆಗಾರರ ಪಹಣಿ, ಆಧಾರ್, ಪಾಸ್‌ಬುಕ್ಕಿನ ಫೋಟೋಗಳದ್ದು. ಅವು ಗುಮಾಸ್ತರ ಸ್ವಂತ ವಾಟ್ಸ್ಆ್ಯಪ್ಪಿನಲ್ಲಿ, ಅವರ ಮಕ್ಕಳ ಹುಟ್ಟುಹಬ್ಬದ ಫೋಟೋಗಳ ನಡುವೆ ಇದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಇನ್ನು ಮುಂದೆ ಆ ಫೋಟೋಗಳು ಕೌಂಟರಿನ ಮಂಡಿ ಫೋನಿಗೆ ಮಾತ್ರ. ಹೌದು, ಕೀಪ್ಯಾಡ್ ಫೋನಿನಲ್ಲಿ ವಾಟ್ಸ್ಆ್ಯಪ್ ಇಲ್ಲ ಎಂದು ಒಬ್ಬರು ಸರಿಯಾಗಿ ಹಿಡಿದರು. ಅದೇ ನಂಬರಿನ ವಾಟ್ಸ್ಆ್ಯಪನ್ನು ಮಂಡಿಯದೇ ಹಳೆಯ ಟ್ಯಾಬಿನಲ್ಲಿ ಹಾಕುವುದೆಂದಾಯಿತು.

ಕೊನೆಗೆ ಉಳಿದದ್ದು ಹೊಸ ಲ್ಯಾಪ್‌ಟಾಪ್. ಖರೀದಿಸಿದ ದಿನ ಗುಮಾಸ್ತರೊಬ್ಬರು ತಮ್ಮ ಸ್ವಂತ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದ್ದರು. ವಿಂಡೋಸ್ 11 ಹಾಗೆ ಮಾಡಿದಾಗ ಡಿಸ್ಕನ್ನು ತಾನೇ ಗೂಢಲಿಪಿಗೆ ಬದಲಿಸಿ, 48 ಅಂಕಿಯ ಬೀಗದ ಕೈಯನ್ನು ಆ ಖಾತೆಗೇ ಕಳಿಸಿಬಿಡುತ್ತದೆ. ಬಯೋಸ್ ಅಪ್‌ಡೇಟಾದ ಬೆಳಿಗ್ಗೆಯೋ ಮದರ್‌ಬೋರ್ಡ್ ಬದಲಿಸಿದಾಗಲೋ ನೀಲಿ ಪರದೆ ಆ ಅಂಕಿ ಕೇಳುತ್ತದೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟಿದ್ದರೆ ಡಿಸ್ಕಿನಲ್ಲಿದ್ದದ್ದು ಹೋದಂತೆಯೇ. ಅದೃಷ್ಟಕ್ಕೆ ಅವರು ಎದುರಿಗೇ ಕೂತಿದ್ದರು. ಆರಾರು ಅಂಕಿಯ ಎಂಟು ಗುಂಪನ್ನು ಅವರು ಗಟ್ಟಿಯಾಗಿ ಓದಿದರು, ಇನ್ನೊಬ್ಬರು ಕೆಂಪು ಬಟ್ಟೆ ರಟ್ಟಿನ ಖಾತೆ ಪುಸ್ತಕದಲ್ಲಿ ಬರೆದುಕೊಂಡರು. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು, ಕ್ಯಾಲ್ಕುಲೇಟರಿನಲ್ಲಿ ನೋಡಿದರೆ ಬರೆದದ್ದು ಸರಿಯೋ ಗೊತ್ತಾಗುತ್ತದೆ. ಆರನೇ ಗುಂಪು ಭಾಗವಾಗಲಿಲ್ಲ. ಮತ್ತೆ ಓದಿಸಿದರೆ, ಮೂರು ಬರೆಯುವ ಕಡೆ ಎಂಟು ಬಿದ್ದಿತ್ತು. ತಿದ್ದಿ, ಪುಸ್ತಕವನ್ನೂ ಎರಡನೇ ಡಿಸ್ಕನ್ನೂ ಲಾಕರಿಗೆ ಹಾಕುವಾಗ ಆರೂಕಾಲು. ಒಂಬತ್ತೂವರೆಯ ಬ್ಯಾಕಪ್ಪಿಗೆ ಇನ್ನೂ ಮೂರೂಕಾಲು ಗಂಟೆ ಇತ್ತು.