ಮಾರ್ಕಿಂಗ್ ಹಗ್ಗ, ಚೆಕ್‌ರೋಲ್ ಮತ್ತೆ ನನ್ನ ಡಿಗ್ರಿ

ನಮ್ಮ ಕಾಲೇಜಿನ ಪಿಡಿ ಸರ್, ಅಂದ್ರೆ ಆಟೋಟ ನೋಡ್ಕೊಳ್ಳೋ ಫಿಸಿಕಲ್ ಡೈರೆಕ್ಟರ್, ಅವರ ರೂಮಿಗೆ ಒಂದು ವಾಸನೆ ಇತ್ತು, ನಮ್ಮ ಬ್ಯಾಚಿನವರಿಗೆ ನೆನಪಿರಬೇಕು. ಸುಣ್ಣದ ಪುಡಿ, ಹಳೇ ಲೆದರ್ ಬಾಲು, ಜೂನಲ್ಲಿ ನೆಂದು ಅಕ್ಟೋಬರ್ ಬಂದ್ರೂ ಒಣಗದ ವಾಲಿಬಾಲ್ ನೆಟ್ಟು, ಅದರ ಮೇಲೆ ಬೂಷ್ಟು, ಎಲ್ಲಾ ಸೇರಿ ಒಂದು ವಾಸನೆ. ಮ್ಯಾಗಜಿನ್‌ಗೆ ಏನಾದ್ರೂ ಬರ್ಕೊಡಿ ಅಂತ ಕಾಲೇಜಿಂದ ಫೋನ್ ಬಂದಾಗ ನಂಗೆ ಮೊದಲು ಬಂದಿದ್ದೇ ಆ ವಾಸನೆ, ಆಮೇಲೆ ಉಳಿದಿದ್ದೆಲ್ಲ.

ನಾನು ಆಟಗಾರ್ತಿ ಅಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಕೊಡಗಲ್ಲಿ ಹುಟ್ಟಿ ಹಾಕಿ ಸ್ಟಿಕ್ ಸರಿಯಾಗಿ ಹಿಡಿಯೋಕೆ ಬರಲ್ಲ ಅಂದ್ರೆ ಜನ ಒಂಥರಾ ನೋಡ್ತಾರೆ, ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅಂತ ಬೆರಳು ಮಡಚ್ತಾ ಹೋಗೋ ಊರು ಇದು. ನಾನು ಓಡಿದ್ರೆ ನೂರು ಮೀಟರಿಗೇ ಪಕ್ಕೆ ಹಿಡ್ಕೊಳ್ತಿತ್ತು. ಪಿಡಿ ಸರ್ ರೂಮಿಗೆ ನಾನು ಹೋಗಿದ್ದು ಅಕ್ಷರದಿಂದ. ಅಪ್ಪ ಸಿದ್ದಾಪುರದ ಹತ್ರ ಒಂದು ಎಸ್ಟೇಟಲ್ಲಿ ರೈಟರು, ದಿನಾ ಬೆಳಿಗ್ಗೆ ಚೆಕ್‌ರೋಲ್ ಬರೀತಿದ್ರು, ಯಾರು ಬಂದ್ರು, ಯಾರು ಬಂದಿಲ್ಲ, ಯಾರನ್ನ ಯಾವ ಬ್ಲಾಕಿಗೆ ಹಾಕಿದ್ದು, ಕುಯ್ಲಿನ ಟೈಮಲ್ಲಿ ಸಂಜೆ ಯಾರ ಚೀಲ ಎಷ್ಟು ಕೆಜಿ, ಎಲ್ಲಾ. ಭಾನುವಾರ ಕೂರಿಸ್ಕೊಂಡು ನನ್ನ ಕೈಲಿ ಗೆರೆ ಹಾಕಿಸ್ತಿದ್ರು, ಹಂಗಾಗಿ ನನ್ನ ಅಕ್ಷರ ಅಚ್ಚು ಹಾಕಿದಂಗೆ. ಫಸ್ಟ್ ಇಯರ್ ಬಿಕಾಂನಲ್ಲಿ ಸ್ಪೋರ್ಟ್ಸ್ ಡೇ ಸರ್ಟಿಫಿಕೇಟ್ ಬರೆಯೋಕೆ ಯಾರೋ ಬೇಕಾಗಿತ್ತು, ಲೆಕ್ಚರರ್ ನನ್ನ ಕಳಿಸಿದ್ರು, ಅಷ್ಟೇ ಕಥೆ. ಮೂರು ವರ್ಷ ಆ ರೂಮಿಂದ ಹೊರಗೆ ಬರ್ಲಿಲ್ಲ.

ಸರ್ ಸರ್ಟಿಫಿಕೇಟ್ ಬರೆಸಿ ಬಿಡೋರಲ್ಲ. "ಬಾಮ್ಮ, ಹಗ್ಗ ಹಿಡ್ಕೋ" ಅಂತ ಗ್ರೌಂಡಿಗೆ ಕರ್ಕೊಂಡು ಹೋಗ್ತಿದ್ರು. ಹಾಕಿ ಗ್ರೌಂಡು 91.40 ಮೀಟರ್ ಉದ್ದ, 55 ಮೀಟರ್ ಅಗಲ, ಅದು ಪುಸ್ತಕದಲ್ಲೇ ಇದೆ, ಆದ್ರೆ ಮೂಲೆ ಸರಿಯಾಗಿ ಮೂಲೆ ಆಗ್ಬೇಕಲ್ಲ, ಅಲ್ಲೇ ಕಷ್ಟ. ಒಂದು ಗೂಟ ಹೊಡೆದು, ಒಂದು ಕಡೆ ಮೂರು ಮೀಟರಿಗೆ ಗುರುತು, ಇನ್ನೊಂದು ಕಡೆ ನಾಲ್ಕು ಮೀಟರಿಗೆ, ಆ ಎರಡು ಗುರುತಿನ ಮಧ್ಯೆ ಟೇಪ್ ಹಿಡಿದ್ರೆ ಸರಿಯಾಗಿ ಐದು ಮೀಟರ್ ಬರ್ಬೇಕು. ಬಂದ್ರೆ ಮೂಲೆ ಕರೆಕ್ಟು, ಒಂದಿಂಚು ಆಚೀಚೆ ಆದ್ರೂ ಆ ಕಡೆ ತುದಿಗೆ ಹೋಗೋಷ್ಟರಲ್ಲಿ ಗ್ರೌಂಡು ಸೊಟ್ಟ. ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ ಪೈಥಾಗೊರಸ್ ಪ್ರಮೇಯ ಕಾಲಿಗೆ ಜಿಗಣೆ ಹತ್ತಿಸ್ಕೊಂಡು ನಿಂತಾಗ ಅರ್ಥ ಆಯ್ತು. ತಳದಲ್ಲಿ ಮೊಳೆಯಿಂದ ತೂತು ಹೊಡೆದ ಡಾಲ್ಡಾ ಡಬ್ಬದಲ್ಲಿ ಸುಣ್ಣ ತುಂಬಿ, ಹಗ್ಗದ ಪಕ್ಕ ಕುಲುಕ್ತಾ ಹಿಮ್ಮುಖ ನಡೀಬೇಕು. ಮುಂದೆ ನೋಡ್ಕೊಂಡು ನಡೆದ್ರೆ ಹಾಕಿದ ಲೈನನ್ನ ನೀನೇ ತುಳೀತೀಯ ಅಂತ ಬೈಗುಳ.

ಈಗ ನನ್ನ ದೊಡ್ಡ ಅವಮಾನದ ಕಥೆ. ಸೆಕೆಂಡ್ ಇಯರಲ್ಲಿ ಇಂಟರ್‌ಕ್ಲಾಸ್ ವಾಲಿಬಾಲ್, 11 ಟೀಮು, ಫಿಕ್ಚರ್, ಅಂದ್ರೆ ಯಾರ ಮೇಲೆ ಯಾರು ಆಡೋದು ಅನ್ನೋ ಪಟ್ಟಿ, ನೀನೇ ಹಾಕು ಅಂದ್ರು. ನಾನು ಜಾಣೆ ತರ ಎರಡೆರಡು ಟೀಮ್ ಜೋಡಿ ಮಾಡಿದೆ, ಐದು ಮ್ಯಾಚು, ಒಂದು ಟೀಮ್ ಉಳೀತು, ಅದಕ್ಕೆ ಬೈ ಕೊಟ್ಟೆ, ಅಂದ್ರೆ ಆಡದೇನೇ ಮುಂದಿನ ರೌಂಡಿಗೆ. ಗೆದ್ದ ಐದು ಪ್ಲಸ್ ಆ ಒಂದು, ಆರು ಟೀಮು, ಮೂರು ಮ್ಯಾಚು, ಸರಿ. ಆಮೇಲೆ ಮೂರು ಟೀಮ್ ಉಳೀತಲ್ಲ, ಮತ್ತೆ ಒಂದಕ್ಕೆ ಬೈ, ಚೀಟಿ ಎತ್ತಿದ್ರೆ ಅದೇ ಟೀಮಿಗೆ ಬರ್ಬೇಕಾ! ಒಂದೇ ಒಂದು ಮ್ಯಾಚ್ ಗೆದ್ದು ಸೆಕೆಂಡ್ ಬಿಎ ಫೈನಲ್‌ಗೆ ಬಂತು, ಎದುರುಗಡೆ ಟೀಮು ಮೂರು ಮ್ಯಾಚ್ ಆಡಿ ಸುಸ್ತಾಗಿ ನಿಂತಿತ್ತು. ಗಲಾಟೆ ಅಂದ್ರೆ ಗಲಾಟೆ, ಪ್ರಿನ್ಸಿಪಾಲ್ ರೂಮಿನ ತನಕ ಹೋಯ್ತು, ಫೈನಲ್ ಒಂದು ವಾರ ಮುಂದೆ ಹೋಯ್ತು, ಸೆಕೆಂಡ್ ಬಿಎ ಹುಡುಗ್ರು ನಂಗೆ ಚಾಕ್ಲೇಟ್ ತಂದುಕೊಟ್ಟು ಇನ್ನೂ ಮರ್ಯಾದೆ ತೆಗೆದ್ರು.

ಸರ್ ಬೈಲಿಲ್ಲ. ಬೋರ್ಡ್ ಮೇಲೆ 2, 4, 8, 16, 32 ಅಂತ ಬರೆದ್ರು. "ನಿನ್ ಹತ್ರ 11 ಇದೆ, ಮೇಲಿನ ನಂಬರ್ ಯಾವ್ದು? 16. ಹದಿನಾರರಲ್ಲಿ ಹನ್ನೊಂದು ಕಳಿ. ಐದು ಬೈ, ಐದನ್ನೂ ಫಸ್ಟ್ ರೌಂಡಲ್ಲೇ ಮುಗಿಸ್ಬೇಕು. ಆರು ಟೀಮ್ ಆಡ್ತವೆ, ಮೂರು ಗೆಲ್ತವೆ, ಮೂರು ಪ್ಲಸ್ ಐದು ಎಂಟು. ಆಮೇಲೆ ಯಾರಿಗೂ ಪುಕ್ಕಟೆ ಇಲ್ಲ." ಇನ್ನೊಂದು ಹೇಳಿದ್ರು, ನಾಕ್‌ಔಟ್‌ನಲ್ಲಿ ಒಂದು ಮ್ಯಾಚಿಗೆ ಒಂದು ಟೀಮ್ ಮನೆಗೆ ಹೋಗುತ್ತೆ, ಅಂದ್ರೆ ಎಷ್ಟು ಟೀಮೋ ಅದಕ್ಕಿಂತ ಒಂದು ಕಮ್ಮಿ ಮ್ಯಾಚು, ನೀನು ಹೆಂಗೆ ಬೇಕಾದ್ರೂ ಹಾಕು ಅದು ಬದಲಾಗಲ್ಲ. ಆಮೇಲೆ ವರ್ಷಗಟ್ಟಲೆ ನಾನು ಎಲ್ಲಿ ಸಿಕ್ಕಿದ್ರೂ, ಬಸ್ಸಲ್ಲೂ, ಯಾರದ್ದೋ ಮದುವೆ ಊಟದ ಪಂಕ್ತೀಲೂ, "23 ಟೀಮು, ಬೈ ಎಷ್ಟು?" ಅಂತ ಕೇಳೋರು.

2018ರಲ್ಲಿ ನಾಪೋಕ್ಲಲ್ಲಿ ಕುಲ್ಲೇಟಿರ ಕಪ್ ನಡೀತು. ಹೊರಗಿನವರು ಓದ್ತಿದ್ರೆ ಗೊತ್ತಿರ್ಲಿ ಅಂತ ಹೇಳ್ತೀನಿ, ಕೊಡವ ಕುಟುಂಬಗಳ ಹಾಕಿ ಹಬ್ಬ ಇದು, ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ್ದು, ಆಗ 60 ಕುಟುಂಬ, ಪ್ರತಿಸಲ ಒಂದೊಂದು ಕುಟುಂಬ ನಡೆಸುತ್ತೆ, ಒಂದು ಮನೆತನದ ಅಜ್ಜ, ಮಗಳು, ಮೊಮ್ಮಗ ಒಂದೇ ಟೀಮಲ್ಲಿ ಇರಬಹುದು. ಆ ವರ್ಷ 334 ಕುಟುಂಬ. ನಾವು ಕೊಡವರಲ್ಲ, ನಮ್ಮ ಮನೆ ಹೆಸರಲ್ಲಿ ಟೀಮ್ ಇರೋ ಪ್ರಶ್ನೇನೇ ಇಲ್ಲ, ಆದ್ರೂ ಸರ್ ಜೊತೆ ಒಂದಷ್ಟು ದಿನ ಟೇಬಲ್ ಹತ್ರ ಬರೆಯೋ ಕೆಲಸಕ್ಕೆ ಹೋದೆ. ಟೀಮ್ ಶೀಟಲ್ಲಿ ಎಲ್ಲರದ್ದೂ ಒಂದೇ ಮನೆ ಹೆಸರು, ಅದರಲ್ಲಿ ಎರಡು ಪೊನ್ನಪ್ಪ, ಮೂರು ಬೋಪಣ್ಣ, ಗೋಲ್ ಹೊಡೆದೋನು ಯಾವ ಬೋಪಣ್ಣ ಅಂತ ಗ್ಯಾಲರಿ ಕಡೆ ತಿರುಗಿ ಕೇಳ್ಬೇಕು, ಅಲ್ಲಿಂದ ನಾಲ್ಕು ಜನ ನಾಲ್ಕು ಉತ್ತರ ಹೇಳ್ತಾರೆ. ಮೊದಲ ದಿನ ಸಂಜೆ ವಾಪಸ್ ಬರೋವಾಗ ಜೀಪಲ್ಲಿ ಸರ್ ಶುರು ಮಾಡಿದ್ರು. 512ರಲ್ಲಿ 334 ಕಳೆದ್ರೆ 178 ಅಂದೆ. ಹಂಗಾದ್ರೆ ಮೊದಲ ರೌಂಡಿಗೆ ಎಷ್ಟು ಮ್ಯಾಚು? 78. ಒಟ್ಟು? 333. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಇದನ್ನೇ ಓದೋ ಕೋರ್ಸ್ ಇದೆ, ಗೊತ್ತಾ ನಿಂಗೆ" ಅಂದ್ರು.

ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಅಂತ ನಾನು ಆ ಪದ ಕೇಳಿದ್ದೇ ಆ ಜೀಪಲ್ಲಿ. ಮನೇಲಿ ಹೇಳಿದ್ರೆ ಅಮ್ಮ "ಪಿಟಿ ಟೀಚರ್ ಆಗ್ತೀಯಾ? ಓಡೋಕೇ ಬರಲ್ಲ ನಿಂಗೆ" ಅಂದ್ರು. ತಪ್ಪಿಲ್ಲ, ಈಗ್ಲೂ ಹತ್ತರಲ್ಲಿ ಎಂಟು ಜನ ಅದನ್ನೇ ಕೇಳೋದು. ಬಿಪಿಎಡ್ ಬೇರೆ, ಅದು ಪಿಟಿ ಟೀಚರ್ ಆಗೋದಕ್ಕೆ. ಇದು ಆಟ ನಡೆಯೋಕೆ ಏನೇನು ಬೇಕೋ ಅದರದ್ದು, ಜಾಗ, ದುಡ್ಡು, ಸ್ಪಾನ್ಸರು, ಟಿಕೆಟ್ಟು, ಕಾಂಟ್ರಾಕ್ಟು, ಪೊಲೀಸ್ ಪರ್ಮಿಷನ್ನು, ಆಂಬುಲೆನ್ಸು. 2008ರಲ್ಲಿ ಐಪಿಎಲ್ ಬಂತು, 2014ರಲ್ಲಿ ಪ್ರೊ ಕಬಡ್ಡಿ ಬಂತು, ಆಮೇಲೆ ಇಂಥ ಕೆಲಸಕ್ಕೆ ಜನ ಬೇಕಾದ್ರು. ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದ್ರು, "ಇದರಲ್ಲಿ ಚೆಕ್‌ರೋಲ್ ಯಾರು ಬರೆಯೋದು?" ನಂಗೆ ಆಗ ಅದು ತಮಾಷೆ ಅನಿಸ್ತು.

ಬೆಂಗಳೂರಲ್ಲಿ ಎರಡು ವರ್ಷದ ಕೋರ್ಸಿಗೆ ಸೇರಿದ್ದು ಅದೇ 2018ರ ಆಗಸ್ಟು, ಆ ತಿಂಗಳು ಕೊಡಗಲ್ಲಿ ಏನಾಯ್ತು ಅಂತ ಯಾರಿಗೂ ಹೇಳ್ಬೇಕಾಗಿಲ್ಲ. ಹಾಸ್ಟೆಲಲ್ಲಿ ಕೂತು ಗುಡ್ಡ ಕುಸಿಯೋ ವಿಡಿಯೋ ನೋಡ್ಕೊಂಡು, ಮನೆಗೆ ಫೋನ್ ಸಿಗದೆ, ಸ್ಪಾನ್ಸರ್‌ಶಿಪ್ ಅಂದ್ರೆ ಏನು ಅಂತ ನೋಟ್ಸ್ ಬರ್ಕೊಂಡಿದ್ದೆ. ಕ್ಲಾಸ್ ಬಗ್ಗೆ ಜಾಸ್ತಿ ಹೇಳಲ್ಲ, ಚೆನ್ನಾಗಿತ್ತು, ಪಿಪಿಟಿ ಜಾಸ್ತಿ ಇತ್ತು.

ಇಂಟರ್ನ್‌ಶಿಪ್ ಬಗ್ಗೆ ಹೇಳ್ತೀನಿ. ಮೊದಲನೇದು ಒಂದು ಇವೆಂಟ್ ಕಂಪನಿ, ಹೆಸರು ಬೇಡ. ಆಫೀಸುಗಳ ಮಧ್ಯೆ ಕ್ರಿಕೆಟ್ ಟೂರ್ನಮೆಂಟ್ ಮಾಡ್ಸೋರು. ಬೆಳಿಗ್ಗೆ ಐದಕ್ಕೆ ಹೋಗಿ ಬ್ಯಾನರ್ ಕಟ್ಟಿ, ನೀರಿನ ಕ್ಯಾನ್ ಹೊತ್ತು, ರಾತ್ರಿ ಹತ್ತಕ್ಕೆ ಬ್ಯಾನರ್ ಬಿಚ್ಚಿ, ಎರಡು ತಿಂಗಳು. ಸ್ಟೈಪೆಂಡ್ ಕೊಡ್ತೀವಿ ಅಂದಿದ್ರು, ಕೊನೇಲಿ ಕೇಳಿದ್ರೆ "ಎಕ್ಸ್‌ಪೀರಿಯನ್ಸ್ ಸಿಕ್ತಲ್ಲ ಮೇಡಂ" ಅಂತ ನಗ್ತಾರೆ. ಸರ್ಟಿಫಿಕೇಟಲ್ಲಿ ನನ್ನ ಹೆಸರು ಕೂಡ ತಪ್ಪು. ಸರ್ಟಿಫಿಕೇಟ್ ಬರೆದೇ ಈ ದಾರಿಗೆ ಬಂದೋಳಿಗೆ ಎಂಥಾ ಹೊಟ್ಟೆ ಉರಿದಿರ್ಬೇಕು ನೋಡಿ. ಎಸ್ಟೇಟಲ್ಲಿ ಒಂದು ದಿನದ ಹಾಜರಿ ತಪ್ಪಿದ್ರೆ ಅಪ್ಪನ ಟೇಬಲ್ ಮುಂದೆ ಜನ ನಿಲ್ತಿದ್ರು, ಇಲ್ಲಿ ಎರಡು ತಿಂಗಳಿಗೆ ನಿಲ್ಲೋಕೂ ಒಂದು ಟೇಬಲ್ ಇರ್ಲಿಲ್ಲ.

ಎರಡನೇದು 2019ರಲ್ಲಿ, 10 ಕಿಲೋಮೀಟರ್ ರಸ್ತೆ ಓಟ ಒಂದರ ಟೀಮು. ಅಲ್ಲಿ ದಾರಿ ಅಳೆಯೋಕೆ ಹೋದ ರಾತ್ರಿ ನಂಗೆ ಪಿಡಿ ಸರ್ ಅಲ್ಲೇ ಪಕ್ಕದಲ್ಲಿದ್ದಂಗೆ ಆಗಿತ್ತು. ಗೂಗಲ್ ಮ್ಯಾಪಲ್ಲಿ ನೋಡಿ 10 ಕಿಲೋಮೀಟರ್ ಅನ್ನೋ ಹಂಗಿಲ್ಲ, ಜಿಪಿಎಸ್ ವಾಚೂ ನಡೆಯಲ್ಲ. ಸೈಕಲಲ್ಲಿ ಅಳೀತಾರೆ. ಮುಂದಿನ ಚಕ್ರದ ಗುಂಬದ ಹತ್ರ ಒಂದು ಪುಟ್ಟ ಕೌಂಟರ್ ಇರುತ್ತೆ, ಚಕ್ರ ತಿರುಗಿದಂಗೆ ನಂಬರ್ ಏರುತ್ತೆ. ಮೊದಲು ಒಂದು ನೇರ ರಸ್ತೇಲಿ ಸ್ಟೀಲ್ ಟೇಪ್ ಹಾಕಿ ಉದ್ದ ಅಳೆದು ಗುರುತು ಮಾಡಿ, ಅದರ ಮೇಲೆ ನಾಲ್ಕು ಸಲ ಸೈಕಲ್ ಓಡಿಸಿ, ಇಷ್ಟು ಮೀಟರಿಗೆ ಇಷ್ಟು ನಂಬರ್ ಅಂತ ಲೆಕ್ಕ ಹಿಡೀತಾರೆ. ಕೋರ್ಸ್ ಅಳೆದು ಮುಗಿದ ಮೇಲೆ ವಾಪಸ್ ಬಂದು ಮತ್ತೆ ನಾಲ್ಕು ಸಲ, ಯಾಕಂದ್ರೆ ಬಿಸಿಲು ಏರಿದ್ರೆ ಟೈರಿನ ಗಾಳಿ ಹಿಗ್ಗಿ ಲೆಕ್ಕ ಬದಲಾಗುತ್ತೆ. ತಿರುವಲ್ಲೆಲ್ಲ ಫುಟ್‌ಪಾತ್ ಅಂಚಿಂದ 30 ಸೆಂಟಿಮೀಟರ್ ದೂರದಲ್ಲೇ ಹೋಗ್ಬೇಕು, ಓಡೋರು ಅತಿ ಹತ್ತಿರದ ದಾರಿ ಹಿಡಿದ್ರೂ ದೂರ ಕಮ್ಮಿ ಆಗ್ಬಾರ್ದು ಅಂತ. ಅದೂ ಸಾಲದು, ಕಿಲೋಮೀಟರಿಗೆ ಒಂದೊಂದು ಮೀಟರ್ ಜಾಸ್ತಿ ಇಡ್ತಾರೆ, ಅಂದ್ರೆ ನೀವು 10 ಕಿಲೋಮೀಟರ್ ಅಂತ ಓಡೋದು ನಿಜಕ್ಕೂ 10,010 ಮೀಟರು. ಬೆಳಗಿನ ಜಾವ ಮೂರೂವರೆ, ಹಿಂದೆ ಪೊಲೀಸ್ ಬೈಕು, ಅದರ ಹಿಂದೆ ಕಾರಲ್ಲಿ ನಾನು. ಪ್ರತಿ ಕಿಲೋಮೀಟರಿಗೆ ಇಳಿದು ಟಾರ್ಚ್ ಹಿಡಿದು ಮೊಳೆ ಹೊಡೆದು, ಪೇಂಟ್ ಹಚ್ಚಿ, ಪಕ್ಕದ ಲೈಟ್ ಕಂಬದ ನಂಬರ್ ನೋಟ್‌ಬುಕ್ಕಲ್ಲಿ ಬರೆಯೋದು. ಅಳೆಯೋ ಮನುಷ್ಯ ನೋಟ್‌ಬುಕ್ ನೋಡಿ "ಎಲ್ಲಿ ಕಲಿತಿದ್ದು ಇಂಥ ಅಕ್ಷರ?" ಅಂದ್ರು. ಎಸ್ಟೇಟಲ್ಲಿ ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ.

2020ರಲ್ಲಿ ಎಲ್ಲಾ ನಿಂತೋಯ್ತು. ಐಪಿಎಲ್ಲೇ ಯುಎಇಗೆ ಹೋಯ್ತು, ನಮ್ಮ ಹಾಕಿ ಹಬ್ಬಾನೂ ಇಲ್ಲ, ನಾನು ಕಡೇ ಸೆಮಿಸ್ಟರ್ ವೈವಾನ ಎಸ್ಟೇಟ್ ಹಿಂದಿನ ಬಂಡೆ ಮೇಲೆ ಕೊಡೆ ಹಿಡ್ಕೊಂಡು ಕೊಟ್ಟೆ, ಅಲ್ಲಿ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್ ಬರ್ತಿತ್ತು. ಒಂದೂವರೆ ವರ್ಷ ಅಪ್ಪನ ಜೊತೆ ಕಾಫಿ ತೂಕ ಬರೆದೆ. ಅಮ್ಮ ಏನೂ ಹೇಳ್ಲಿಲ್ಲ, ಅದೇ ಜಾಸ್ತಿ ಚುಚ್ತಿತ್ತು.

2023ರ ಜನವರೀಲಿ ಹಾಕಿ ವಿಶ್ವಕಪ್ ಒಡಿಶಾದಲ್ಲಿ, ಭುವನೇಶ್ವರ ಮತ್ತೆ ರೂರ್ಕೆಲಾ ಎರಡು ಕಡೆ. ಒಂದು ಏಜೆನ್ಸಿ ಮೂಲಕ ರೂರ್ಕೆಲಾಗೆ ಹೋದೆ, ವಾಲಂಟಿಯರ್‌ಗಳನ್ನ ನೋಡ್ಕೊಳ್ಳೋ ಕೆಲಸ. ಬಿರ್ಸಾ ಮುಂಡಾ ಸ್ಟೇಡಿಯಂ ಹೊಚ್ಚ ಹೊಸದು, ಬಣ್ಣದ ವಾಸನೆ ಹೋಗಿರ್ಲಿಲ್ಲ. ಯಾರನ್ನ ಯಾವ ಗೇಟಿಗೆ ಹಾಕಿದ್ದು, ಯಾರು ಬಂದಿಲ್ಲ, ಯಾರಿಗೆ ಊಟದ ಕೂಪನ್ ಕೊಟ್ಟಾಯ್ತು ಅಂತ ಬರೀಬೇಕು. ಸಾಫ್ಟ್‌ವೇರ್ ಇತ್ತು, ಎರಡನೇ ದಿನ ಅದು ಕೈಕೊಡ್ತು, ನಾನು ಅಂಗಡಿಗೆ ಹೋಗಿ ಉದ್ದದ ಪುಸ್ತಕ ತಂದು ಗೆರೆ ಹಾಕಿ ಕೂತೆ. ಆ ರಾತ್ರಿ ಅಪ್ಪಂಗೆ ಪುಟದ ಫೋಟೋ ಕಳಿಸಿದೆ. "ಒಟ್ಟು ಹಾಕಿಲ್ಲ ಕೆಳಗಡೆ" ಅಂತ ರಿಪ್ಲೈ ಬಂತು.

13ನೇ ತಾರೀಕು ಇಂಡಿಯಾ-ಸ್ಪೇನ್. ಮ್ಯಾಚ್ ನೋಡಿದ್ರಾ ಅಂತ ಎಲ್ಲರೂ ಕೇಳ್ತಾರೆ, ಇಲ್ಲ. ಗ್ಯಾಲರಿ ಕೆಳಗಿನ ರೂಮಲ್ಲಿ ಕೂಪನ್ ಎಣಿಸ್ತಿದ್ದೆ. ಇದ್ದಕ್ಕಿದ್ದಂಗೆ ಮೇಲಿಂದ ಗೋಡೆ ಅದುರೋ ಹಂಗೆ ಸದ್ದು ಬಂತು, ಕೈಲಿದ್ದ ಕಟ್ಟಿನ ಲೆಕ್ಕ ತಪ್ಪೋಯ್ತು. ಅಮಿತ್ ರೋಹಿದಾಸ್ ಗೋಲ್ ಹೊಡೆದಿದ್ದು, ಅವರು ಅದೇ ಸುಂದರ್‌ಗಢ್ ಜಿಲ್ಲೆಯವರು, ಜನ ಬಿಡ್ತಾರಾ. ನಾನು ಮೊದಲಿಂದ ಎಣಿಸೋಕೆ ಶುರು ಮಾಡಿದೆ, ಆಮೇಲೆ ಹಾರ್ದಿಕ್ ಸಿಂಗ್ ಎರಡನೇದು ಹೊಡೆದ, ಮತ್ತೆ ತಪ್ಪೋಯ್ತು. 2-0. ಅಂದ ಹಾಗೆ ಇಡೀ ವಿಶ್ವಕಪ್ಪಿಗೆ 16 ಟೀಮು. ನಾಪೋಕ್ಲು ನೋಡಿದ ಕಣ್ಣಿಗೆ ಇಷ್ಟೇನಾ ಅನಿಸುತ್ತೆ, ಜಂಬ ಅಂದ್ಕೊಂಡ್ರೂ ಪರವಾಗಿಲ್ಲ.

ನಮ್ಮ ಕಾಲೇಜಿನ ಹುಡುಗ್ರು ಹುಡುಗೀರು ಆಗಾಗ ಫೋನ್ ಮಾಡ್ತಾರೆ, ಅಕ್ಕಾ ಈ ಕೋರ್ಸ್ ಮಾಡ್ಬೋದಾ ಅಂತ. ನಾನು ಕೇಳೋದು, ಇಂಟರ್ನ್‌ಶಿಪ್ ಎಷ್ಟು ತಿಂಗಳು, ಕಾಲೇಜೇ ಕಳಿಸುತ್ತಾ ನೀವೇ ಹುಡುಕ್ಬೇಕಾ, ಹೋದ ವರ್ಷ ಓದಿದೋರು ಇಬ್ಬರ ಹತ್ರ ಮಾತಾಡಿದ್ರಾ. ಬ್ರೋಷರಲ್ಲಿ ಕೊಹ್ಲಿ ಫೋಟೋ ಇದ್ರೆ ಎರಡು ಸಲ ಯೋಚ್ನೆ ಮಾಡಿ. ಸ್ಟೈಪೆಂಡ್ ಎಷ್ಟು ಅಂತ ಬರವಣಿಗೆಯಲ್ಲಿ ತಗೊಳ್ಳಿ, ನಾಚಿಕೆ ಬೇಡ. ಮತ್ತೆ ಆಟ ನೋಡೋ ಆಸೆಗೆ ಬರೋದಾದ್ರೆ ಬರ್ಲೇಬೇಡಿ, ಟಿಕೆಟ್ ತಗೊಂಡು ನೋಡಿ, ಚೆನ್ನಾಗಿ ಕಾಣುತ್ತೆ.

2024ರ ಏಪ್ರಿಲಲ್ಲಿ ಲೀವ್ ಹಾಕಿ ಊರಿಗೆ ಬಂದಿದ್ದೆ. ನಾಪೋಕ್ಲಲ್ಲಿ ಕುಂಡ್ಯೋಳಂಡ ಕಪ್ಪು, 360 ಕುಟುಂಬ, ಗಿನ್ನೆಸ್ ದಾಖಲೆ ಅಂತ ಊರೆಲ್ಲ ಅದೇ ಮಾತು. ಪಿಡಿ ಸರ್ ರಿಟೈರ್ ಆಗಿದ್ದಾರೆ, ಮಂಡಿ ನೋವು, ಗ್ಯಾಲರಿ ಹತ್ತೋಕಾಗಲ್ಲ ಅಂತ ಕೆಳಗೇ ಪ್ಲಾಸ್ಟಿಕ್ ಚೇರ್ ಹಾಕಿಸ್ಕೊಂಡು ಕೂತಿದ್ರು. ಪಕ್ಕದಲ್ಲಿ ಕೂತೆ. ಕಾಲಿಗೆ ಬೀಳೋಕೆ ಹೋದ್ರೆ ಬಿಡ್ಲಿಲ್ಲ. ರೂರ್ಕೆಲಾ ಕಥೆ ಹೇಳೋಣ ಅಂತ ಬಾಯಿ ತೆಗೆದೆ.

"360 ಟೀಮು."

"152 ಸರ್."

ಹ್ಞೂ ಅಂದ್ರು. ಗ್ರೌಂಡಲ್ಲಿ ಇಬ್ಬರು ಚಿಕ್ಕ ಹುಡುಗ್ರು ಸುಣ್ಣದ ಡಬ್ಬ ಹಿಡ್ಕೊಂಡು ಅಳಿಸಿಹೋದ ಸೈಡ್‌ಲೈನ್ ಮತ್ತೆ ಹಾಕ್ತಿದ್ರು, ಮುಂದೆ ಮುಖ ಮಾಡ್ಕೊಂಡು, ಹಾಕಿದ ಲೈನ್ ಮೇಲೆ ತಾವೇ ಕಾಲಿಟ್ಕೊಂಡು. ಸರ್ ನನ್ನ ಕಡೆ ನೋಡಿದ್ರು. ನಾನು ಚಪ್ಪಲಿ ಬಿಚ್ಚಿಟ್ಟು ಎದ್ದೆ.